ಮೊದಲು ಹುಳ, ಆಮೇಲೆ ಸೊಪ್ಪು

ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಓತಿಯನ್ನು ಸಾಕಬೇಕು ಅಂತ ಆಸೆಪಡುವವರು ಮೊದಲು ಕೇಳುವುದು ಬೆಲೆ ಎಷ್ಟು, ಕಚ್ಚುತ್ತದಾ, ಎಷ್ಟು ವರ್ಷ ಬದುಕುತ್ತದೆ ಅಂತ. ಹುಳದ ವಿಷಯ ಕೇಳುವವರು ಕಡಿಮೆ. ಆದರೆ ಮರಿ ಮನೆಗೆ ಬಂದ ಮೇಲೆ ಮೊದಲ ವರ್ಷ ನಡೆಯುವುದು ಹೆಚ್ಚುಕಮ್ಮಿ ಹುಳ ಸಾಕಣೆಯೇ. ಶಾಖ, ಬೆಳಕು ಸರಿಯಾಗಿದ್ದರೆ ಓತಿ ತನ್ನ ಪಾಡಿಗೆ ಕಲ್ಲಿನ ಮೇಲೆ ಮಲಗಿರುತ್ತದೆ. ಅದರ ಹೊಟ್ಟೆಗೆ ಹೋಗಬೇಕಾದ ಹುಳಗಳಿಗೆ ಮಾತ್ರ ದಿನಾ ಮೇವು ಬೇಕು, ಗಾಳಿ ಬೇಕು, ಶುಚಿ ಬೇಕು.

ಈ ಕೆಲಸ ನನಗೆ ಗೊತ್ತಿರುವುದೇ. ಕನಕಪುರದ ಕಡೆ ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿದ ಮೇಲೆಯೇ ನಮಗೆ ತಿಂಡಿ. ಮದುವೆಯಾಗಿ, ಊರು ಬಿಟ್ಟು, ಸಿಡ್ನಿಯ ಪಶ್ಚಿಮದ ಬಡಾವಣೆಗೆ ಬಂದ ಮೇಲೆ ಮತ್ತೆ ಹುಳದ ತಟ್ಟೆ ಹಿಡಿಯುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಮಗಳ ಆಸೆಗೆ ಒಂದು ಮರಿ ತಂದೆವು. ಮೈ ಕೆಂಚಗಿತ್ತು, ಕೆಂಚ ಅಂತಲೇ ಹೆಸರಾಯಿತು.

ಇದು ಆಸ್ಟ್ರೇಲಿಯಾದ್ದೇ ಪ್ರಾಣಿ. ವೈಜ್ಞಾನಿಕ ಹೆಸರು ಪೊಗೋನಾ ವಿಟಿಸೆಪ್ಸ್. ಈ ದೇಶದ ಒಳನಾಡಿನ ಒಣ ಭೂಮಿಯಲ್ಲಿ, ಕುರುಚಲು ಕಾಡಿನಲ್ಲಿ ಇರುತ್ತದೆ. ನಮ್ಮೂರ ಬೇಲಿ ಮೇಲೆ ತಲೆ ಆಡಿಸುವ ಓತಿಕ್ಯಾತ ಇದೆಯಲ್ಲ, ಎರಡೂ ಒಂದೇ ಕುಟುಂಬ. ಕೋಪ ಬಂದರೆ ಗಂಟಲ ಚೀಲ ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ, ಅದೇ ಗಡ್ಡ. ಕಾಡಿನಿಂದ ಹಿಡಿದು ತರುವಂತಿಲ್ಲ. ನಾವಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸಾಕಲು ಲೈಸೆನ್ಸ್ ಬೇಕು. ಮನೆಯಲ್ಲಿ ಹುಟ್ಟಿದ ಮರಿಯನ್ನು ಲೈಸೆನ್ಸ್ ಇರುವವರಿಂದಲೇ ಕೊಳ್ಳಬೇಕು. ನನಗೆ ಈ ಕಾನೂನು ಇಷ್ಟ. ಸುಮ್ನೆ ಕೈ ಬೀಸಿಕೊಂಡು ಹೋಗಿ ಒಂದು ಜೀವ ಕೊಂಡು ತರಬಾರದು.

ಮೊಟ್ಟೆಯೊಡೆದು ಬಂದ ಮರಿ ಬಾಲ ಸೇರಿ ಸುಮಾರು 10 ಸೆಂಟಿಮೀಟರ್ ಇರುತ್ತದೆ. ತೂಕ 2–3 ಗ್ರಾಂ. ಒಂದು, ಒಂದೂವರೆ ವರ್ಷದಲ್ಲಿ ಅದು 300 ಗ್ರಾಂ ದಾಟುತ್ತದೆ. ಕೆಲವು 500 ಗ್ರಾಂವರೆಗೂ ಹೋಗುತ್ತವೆ. ಅಂದರೆ ನೂರು ಪಟ್ಟಿಗಿಂತ ಜಾಸ್ತಿ ಬೆಳವಣಿಗೆ. ಆ ಮಾಂಸ, ಆ ಮೂಳೆ ಎಲ್ಲಿಂದ ಬರಬೇಕು? ಹುಳದಿಂದ. ಅದಕ್ಕೇ ಮರಿಯ ಊಟದಲ್ಲಿ ಮುಕ್ಕಾಲು ಪಾಲು ಹುಳ, ಕಾಲು ಪಾಲು ಸೊಪ್ಪು ಅಂತ ಲೆಕ್ಕ. ದೊಡ್ಡದಾದ ಮೇಲೆ ಈ ಲೆಕ್ಕ ತಿರುಗಿ ಬೀಳುತ್ತದೆ. ಮುಕ್ಕಾಲು ಸೊಪ್ಪು, ಕಾಲು ಹುಳ. ಕಷ್ಟವೆಲ್ಲ ಇರುವುದು ಈ ತಿರುವಿನಲ್ಲಿ.

ಮೊದಲು ಮರಿಯ ಕಾಲ. ಸಣ್ಣ ಸಣ್ಣ ಕ್ರಿಕೆಟ್ ಹುಳ, ಅಂದರೆ ರಾತ್ರಿ ಕಿರ್ರೆನ್ನುವ ಮಿಡತೆಯಂಥ ಹುಳ, ದಿನಕ್ಕೆ ಎರಡು ಮೂರು ಸಲ. ಒಂದೊಂದು ಸಲಕ್ಕೂ ಹತ್ತು ಹದಿನೈದು ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟು. ಹುಳದ ಅಳತೆಗೆ ಇಲ್ಲಿನ ಸಾಕುವವರೆಲ್ಲ ಹೇಳುವ ಒಂದು ನಿಯಮ ಇದೆ: ಓತಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಹುಳ ದಪ್ಪ ಇರಬಾರದು. ದಪ್ಪ ಹುಳ ನುಂಗಿದರೆ ಜೀರ್ಣವಾಗದೆ ಒಳಗೇ ಕಟ್ಟಿಕೊಳ್ಳಬಹುದು. ನನಗೆ ಈ ನಿಯಮ ಕೇಳಿದ ಕೂಡಲೇ ಚಾಕಿ, ಅಂದರೆ ಎಳೆ ರೇಷ್ಮೆ ಹುಳದ ಸಾಕಣೆ, ನೆನಪಾಯಿತು. ರೇಷ್ಮೆ ಮರಿಹುಳಕ್ಕೆ ಮೊದಲ ಎರಡು ಜ್ವರದ ತನಕ (ಹುಳ ಮೇವು ಬಿಟ್ಟು ಕೂತು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ) ಕುಡಿ ಹತ್ತಿರದ ಎಳೆ ಸೊಪ್ಪನ್ನೇ ಹಾಕಬೇಕು, ಅದನ್ನೂ ಸಣ್ಣಗೆ ಹೆಚ್ಚಿ. ಬಲಿತ ಎಲೆ ಹಾಕಿದರೆ ಕಚ್ಚಲಾಗದೆ ಮೇಲೆ ಹರಿದಾಡಿಕೊಂಡು ಸೊರಗುತ್ತವೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಕೊಂಬೆ ಸಮೇತ ಹಾಕಿದರೂ ನಡೆಯುತ್ತದೆ. ಬಾಯಿಯ ಅಳತೆ ನೋಡಿ ಮೇವು ಕೊಡುವುದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ವಿದ್ಯೆ.

ಕ್ರಿಕೆಟ್ ಹುಳದ ಡಬ್ಬಿ ಅಂದರೆ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ಮುಚ್ಚಳದಲ್ಲಿ ಜಾಲರಿ, ಒಳಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳು. ಬಟ್ಟಲಲ್ಲಿ ನೀರಿಟ್ಟರೆ ಮುಳುಗಿ ಸಾಯುತ್ತವೆ. ಕ್ಯಾರೆಟ್ ತುಂಡು, ಸೊಪ್ಪಿನ ದಂಟು ಇಟ್ಟರೆ ಅದರಲ್ಲೇ ನೀರು ಸಿಗುತ್ತದೆ. ತೇವ ಜಾಸ್ತಿಯಾದರೆ ವಾಸನೆ ಬರುತ್ತದೆ, ಹುಳ ರಾಶಿ ರಾಶಿ ಸಾಯುತ್ತವೆ. ಮೇವು ಕಡಿಮೆಯಾದರೆ ಒಂದನ್ನೊಂದು ತಿನ್ನುತ್ತವೆ. ಇಷ್ಟೆಲ್ಲ ಯಾಕೆ ಮಾಡಬೇಕು ಅಂದರೆ, ಓತಿ ತಿನ್ನುವುದು ಹುಳವನ್ನು ಮಾತ್ರ ಅಲ್ಲ, ಹುಳದ ಹೊಟ್ಟೆಯಲ್ಲಿ ಇರುವುದನ್ನೂ ತಿನ್ನುತ್ತದೆ. ಅಂಗಡಿಯಿಂದ ತಂದ ಹುಳ ಎಷ್ಟೋ ಸಲ ಉಪವಾಸ ಇರುತ್ತದೆ. ಒಂದೆರಡು ದಿನ ಚೆನ್ನಾಗಿ ಸೊಪ್ಪು, ಕಾಳಿನ ಹಿಟ್ಟು ತಿನ್ನಿಸಿ ಆಮೇಲೆ ಓತಿಗೆ ಕೊಡಬೇಕು. ಬರೀ ಸಿಪ್ಪೆಯಂತಿರುವ ಹಸಿದ ಹುಳ ಕೊಟ್ಟು, ಎಷ್ಟು ತಿಂದರೂ ಮರಿ ಬೆಳೆಯುತ್ತಿಲ್ಲ ಅಂದರೆ ಏನು ಪ್ರಯೋಜನ?

ಕ್ಯಾಲ್ಸಿಯಂ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದೊಂದು ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದರೂ ಮರಿ ಉಳಿಯುವುದು ಕಷ್ಟ. ಹುಳಕ್ಕೆ ಮೂಳೆ ಇಲ್ಲ. ಕ್ರಿಕೆಟ್ ಹುಳದಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಸುಮಾರು 7 ಪಟ್ಟು ಜಾಸ್ತಿ. ಮೀಲ್‌ವರ್ಮ್ ಅನ್ನುವ ಮರಿಹುಳದಲ್ಲಿ ಈ ಅಂತರ ಇನ್ನೂ ದೊಡ್ಡದು. ಓತಿಗೆ ಬೇಕಾದದ್ದು ಇದರ ಉಲ್ಟಾ, ಫಾಸ್ಫರಸ್‌ನ ಒಂದೂವರೆ ಎರಡು ಪಟ್ಟು ಕ್ಯಾಲ್ಸಿಯಂ. ಅಷ್ಟು ಸಿಗದಿದ್ದರೆ ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ದವಡೆ ರಬ್ಬರಿನಂತಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳು ನಡುಗುತ್ತವೆ. ಬೆಳೆಯುವ ಮರಿಗೆ ಇದು ಬೇಗ ಬರುತ್ತದೆ. ಅದಕ್ಕೇ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದು. ಒಂದು ಡಬ್ಬಿಗೆ ಹುಳ ಹಾಕಿ, ಚಿಟಿಕೆ ಪುಡಿ ಉದುರಿಸಿ, ಮೆಲ್ಲಗೆ ಕುಲುಕಿದರೆ ಹುಳ ಬೆಳ್ಳಗಾಗುತ್ತದೆ. ಮರಿಗೆ ಹೆಚ್ಚುಕಮ್ಮಿ ದಿನವೂ ಹೀಗೆ. ದೊಡ್ಡದಕ್ಕೆ ಅಷ್ಟು ಬೇಡ.

ಹುಳಮನೆಯಲ್ಲೂ ಬಿಳಿ ಪುಡಿ ಇತ್ತು. ಜ್ವರಕ್ಕೆ ಕೂತ ಹುಳದ ತಟ್ಟೆಗೆ ಅವ್ವ ಸುಣ್ಣದ ಪುಡಿ ಚೆಲ್ಲುತ್ತಿದ್ದಳು, ತೇವ ಹೀರಲಿ ಅಂತ. ವಿಡಿಯೋ ಕಾಲ್‌ನಲ್ಲಿ ನಾನು ಪುಡಿ ಕುಲುಕುವುದು ನೋಡಿ, "ಅಲ್ಲೂ ಸುಣ್ಣ ಹಾಕ್ತೀಯೇನ್ ಮಗಾ?" ಅಂತ ಕೇಳಿದಳು. ಸುಣ್ಣ ಅಲ್ಲ ಅವ್ವ, ಬೇರೆ ಪುಡಿ ಅಂದೆ. ಇದನ್ನು ಓದುವವರಿಗೂ ಹೇಳುತ್ತೇನೆ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಯಾವ ಕಾರಣಕ್ಕೂ ಹಚ್ಚಬೇಡಿ, ಅದು ಬಾಯಿ ಸುಡುತ್ತದೆ. ಸರೀಸೃಪಗಳಿಗೆ ಅಂತಲೇ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯೇ ಆಗಬೇಕು.

ಪುಡಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ, ಮೈಮೇಲೆ ಬಿದ್ದರೆ ಮಾತ್ರ ಓತಿ ತನ್ನ ಚರ್ಮದಲ್ಲಿ ವಿಟಮಿನ್ ಡಿ3 ಮಾಡಿಕೊಳ್ಳುತ್ತದೆ. ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಲ್ಲಿ ಆ ಕಿರಣ ಇರುವುದಿಲ್ಲ. ಇನ್ನು ಶಾಖ. ಮೈಕಾಯಿಸುವ ಕಲ್ಲಿನ ಮೇಲೆ 38ರಿಂದ 42 ಡಿಗ್ರಿ ಇರಬೇಕು. ಹೊಟ್ಟೆ ಬೆಚ್ಚಗಿಲ್ಲದಿದ್ದರೆ ತಿಂದ ಹುಳ ಒಳಗೇ ಕೊಳೆಯುತ್ತದೆ. ಸಂಜೆ ದೀಪ ಆರಿಸುವ ಮುಂಚೆ ಒಂದೆರಡು ಗಂಟೆ ಹುಳ ಕೊಡಬಾರದು ಅನ್ನುವುದು ಇದಕ್ಕೇ. ಉಳಿದ ಕ್ರಿಕೆಟ್ ಹುಳವನ್ನು ರಾತ್ರಿ ಪೆಟ್ಟಿಗೆಯಲ್ಲಿ ಬಿಡಲೂಬಾರದು, ಮಲಗಿದ ಓತಿಯನ್ನೇ ಅವು ಕಚ್ಚುತ್ತವೆ.

ತೋಟದಲ್ಲಿ ಸಿಕ್ಕ ಹುಳ ಹಾಕಬಹುದಾ ಅಂತ ಮಗಳು ಕೇಳಿದ್ದಳು. ಬೇಡ ಅಂದೆ. ಯಾರ ಮನೆ ಹಿತ್ತಲಲ್ಲಿ ಏನು ಔಷಧಿ ಹೊಡೆದಿದ್ದಾರೋ ಗೊತ್ತಿರುವುದಿಲ್ಲ. ಹುಳಮನೆಯಲ್ಲಿ ಬೆಳೆದವರಿಗೆ ಈ ಭಯ ರಕ್ತದಲ್ಲೇ ಇರುತ್ತದೆ. ಪಕ್ಕದ ಹೊಲಕ್ಕೆ ಔಷಧಿ ಹೊಡೆದು, ಗಾಳಿ ನಮ್ಮ ಹಿಪ್ಪುನೇರಳೆ ತೋಟದ ಕಡೆ ಬೀಸಿದರೆ ಆ ಬೆಳೆಯೇ ಹೋದಂತೆ. ಸೊಳ್ಳೆ ಬತ್ತಿಯನ್ನು ಹುಳಮನೆ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಇನ್ನೊಂದು ವಿಷಯವೂ ಇದೆ. ಅಮೆರಿಕದಲ್ಲಿ ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗಳು ಮಿಂಚುಹುಳ ತಿಂದು ಸತ್ತದ್ದನ್ನು ವಿಜ್ಞಾನಿಗಳು 1999ರಲ್ಲಿ ದಾಖಲಿಸಿದರು. ಒಂದೇ ಒಂದು ಮಿಂಚುಹುಳ ಸಾಕು, ಓತಿ ಸಾಯಬಹುದು. ನೆಲಗಪ್ಪೆಯ ಮೈಯಲ್ಲಿರುವ ವಿಷದ ಜಾತಿಯದೇ ವಿಷ ಅಲ್ಲಿನ ಮಿಂಚುಹುಳದಲ್ಲೂ ಇದೆ, ನೇರ ಹೃದಯಕ್ಕೆ ಹೊಡೆಯುತ್ತದೆ. ಅಮೆರಿಕದ ಹಲ್ಲಿಗಳು ಅದರ ತಂಟೆಗೆ ಹೋಗುವುದಿಲ್ಲ. ಆಸ್ಟ್ರೇಲಿಯಾದ ಒಳನಾಡಿನಿಂದ ಬಂದ ಈ ಜೀವಕ್ಕೆ ಆ ಹುಳದ ಪರಿಚಯವೇ ಇಲ್ಲ, ಕಂಡ ಕೂಡಲೇ ನಾಲಿಗೆ ಚಾಚುತ್ತದೆ.

ಬೇರೆ ಹುಳಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಲ್ಲಿ ವುಡಿ ಅಂತ ಕರೆಯುವ ಸಣ್ಣ ಜಿರಳೆ ಸಿಗುತ್ತದೆ. ಕೂಗುವುದಿಲ್ಲ, ವಾಸನೆ ಕಡಿಮೆ. ಅಮೆರಿಕದವರು ಹೊಗಳುವ ಡೂಬಿಯಾ ಜಿರಳೆಯನ್ನು ಆಸ್ಟ್ರೇಲಿಯಾದಲ್ಲಿ ಇಟ್ಟುಕೊಳ್ಳುವಂತಿಲ್ಲ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಹುಳ ಮಾತ್ರ ವಿಶೇಷ. ಅದೊಂದರಲ್ಲೇ ಫಾಸ್ಫರಸ್‌ಗಿಂತ ಕ್ಯಾಲ್ಸಿಯಂ ಜಾಸ್ತಿ.

ಮೊದಲ ಚಳಿಗಾಲದಲ್ಲಿ, ಅಂದರೆ ಇಲ್ಲಿನ ಜೂನ್ ಜುಲೈನಲ್ಲಿ, ಕೆಂಚನ ಹಸಿವು ತಾನಾಗಿಯೇ ಇಳಿಯಿತು. ಒಂದು ವರ್ಷದ ಆಸುಪಾಸಿನ ಓತಿಗಳಲ್ಲಿ ಇದು ಸಾಮಾನ್ಯ. ಚಳಿಗೆ ಮಂಕಾಗಿ ಮಲಗುತ್ತವೆ, ಊಟ ಬಿಡುತ್ತವೆ. ಮಗಳು ಅಳುಮುಖ ಮಾಡಿಕೊಂಡು ದಿನಾ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದಳು. ತೂಕ ಇಳಿಯದೆ ಇದ್ದರೆ ಹೆದರಬೇಕಾಗಿಲ್ಲ, ಇಳಿಯುತ್ತಾ ಹೋದರೆ ಡಾಕ್ಟರ ಹತ್ತಿರ ಹೋಗಬೇಕು. ಕೆಂಚನ ತೂಕ ಹಾಗೇ ಇತ್ತು. ಅವ್ವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತಾರಾ? ಸುಮ್ನಿರ್ರಿ, ಎದ್ದಾಗ ತಿಂತದೆ." ಸೆಪ್ಟೆಂಬರಿನಲ್ಲಿ ಬಿಸಿಲು ಏರಿದಾಗ ಎದ್ದು ತಿಂದ.

ಅದೇ ಸೆಪ್ಟೆಂಬರಿನಲ್ಲಿ ನಮ್ಮ ರಸ್ತೆಯ ಕೊನೆಯ ಮನೆಯ ಹಿಪ್ಪುನೇರಳೆ ಮರ ಚಿಗುರಿತು. ಸಿಡ್ನಿಯಲ್ಲಿ ಹಳೆಯ ಮನೆಗಳ ಹಿತ್ತಲಲ್ಲಿ ಈ ಮರ ಬೇಕಾದಷ್ಟಿವೆ. ಜನ ಹಣ್ಣಿಗಾಗಿ ಬೆಳೆಸುತ್ತಾರೆ. ಇಲ್ಲಿನ ಶಾಲೆ ಮಕ್ಕಳು ವಸಂತದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ ಅಂತ ತಿಳಿದಾಗ ನನಗೆ ಆದ ಸಂತೋಷ ಹೇಳತೀರದು. ಪ್ರಾಣಿಗಳ ಅಂಗಡಿಯಲ್ಲೂ ರೇಷ್ಮೆ ಹುಳ ಮಾರುತ್ತಾರೆ, ಮೊಟ್ಟೆಯೂ ಸಿಗುತ್ತದೆ. ಮೊಟ್ಟೆ ತಂದೆವು. ಆ ಮನೆಯ ಅಜ್ಜಿಯನ್ನು ಕೇಳಿ, ಔಷಧಿ ಹೊಡೆದಿಲ್ಲ ಅಂತ ಖಾತ್ರಿ ಮಾಡಿಕೊಂಡು ಸೊಪ್ಪು ಕಿತ್ತೆ. ಎಷ್ಟೋ ವರ್ಷದ ಮೇಲೆ ಆ ಸೊಪ್ಪಿನ ಹಾಲು ಬೆರಳಿಗೆ ಅಂಟಿತು.

ರೇಷ್ಮೆ ಹುಳ ಓತಿಗೆ ಬಹಳ ಒಳ್ಳೆಯ ಊಟ. ಮೈ ಮೆತ್ತಗೆ, ನೀರಿನ ಅಂಶ 80 ಶೇಕಡಕ್ಕಿಂತ ಜಾಸ್ತಿ, ಕೊಬ್ಬು ತೀರಾ ಕಡಿಮೆ. ನಾಲ್ಕು ಜ್ವರ, ಐದು ಹಂತ. ಸುಮಾರು 25 ದಿನದಲ್ಲಿ ಹತ್ತು ಸಾವಿರ ಪಟ್ಟು ತೂಕ ಏರುವ ಜೀವ ಇದು. ಅಂದರೆ ಯಾವ ವಯಸ್ಸಿನ ಓತಿಗೂ ಹೊಂದುವ ಅಳತೆಯ ಹುಳ ಒಂದೇ ತಟ್ಟೆಯಲ್ಲಿ ಸಿಗುತ್ತದೆ. ಮಗಳಿಗೆ ಎಲ್ಲ ಹೇಳಿಕೊಟ್ಟೆ. ಒದ್ದೆ ಸೊಪ್ಪು ಹಾಕಬಾರದು. ಕೈ ತೊಳೆದೇ ಮುಟ್ಟಬೇಕು. ತಲೆ ಎತ್ತಿ ಅಲುಗಾಡದೆ ಕೂತರೆ ಜ್ವರಕ್ಕೆ ಕೂತಿದೆ ಅಂತ, ಆಗ ಮುಟ್ಟಬಾರದು, ಎಲ್ಲವೂ ಏಳುವ ತನಕ ಮೇವು ಹಾಕಬಾರದು. ಅವಳು ದಿನಾ ಸಂಜೆ ಅಜ್ಜಿಗೆ ವರದಿ ಒಪ್ಪಿಸತೊಡಗಿದಳು. ಅಲ್ಲಿಂದ ಅವ್ವ "ಎಷ್ಟನೇ ಜ್ವರ ಆಯ್ತು ಕೂಸೇ?" ಅಂತ ಕೇಳುವುದು. ಮೊದಲು ಹಬ್ಬಕ್ಕೆ ಮಾತ್ರ ಹಲೋ ಅನ್ನುತ್ತಿದ್ದ ಅಜ್ಜಿ ಮೊಮ್ಮಗಳಿಗೆ ಈಗ ಮಾತು ಮುಗಿಯುವುದಿಲ್ಲ.

ಆದರೆ ಈ ಹುಳ ಓತಿಗೆ ಅಂತ ತಿಳಿದಾಗ ಅವ್ವನಿಗೆ ಕಷ್ಟವಾಯಿತು. "ಗೂಡು ಕಟ್ಟೋ ಹುಳಾನ ತಿನ್ನಕ್ಕೆ ಹಾಕ್ತೀಯಾ?" ಅಂದಳು. ನಮ್ಮ ಕಡೆ ರೇಷ್ಮೆ ಹುಳ ಅಂದರೆ ಮನೆಗೆ ಬಂದ ಲಕ್ಷ್ಮಿ. ಚಪ್ಪಲಿ ಹಾಕಿಕೊಂಡು ಹುಳಮನೆಗೆ ಕಾಲಿಡುವುದಿಲ್ಲ. ನಾನು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಅವಳೇ ಮಾತು ತೆಗೆದಳು. "ಗೂಡಾದ್ಮೇಲೆ ನಾವೂ ಬಿಸಿನೀರಿಗೇ ಕಳಿಸೋದಲ್ವಾ ಮಗಾ. ಅದಾದ್ರೂ ಒಂದು ಜೀವದ ಹೊಟ್ಟೆ ತುಂಬ್ತದೆ. ಚೆನ್ನಾಗಿ ಸಾಕಿ ಕೊಡು ಅಷ್ಟೆ." ಒಂದು ಜೀವ ಸಾಕಲು ಇನ್ನೊಂದು ಜೀವ ಕೊಡುತ್ತೇವೆ ಅನ್ನುವುದನ್ನು ಮರೆಮಾಚಬಾರದು ಅಂತ ನನಗೂ ಅನ್ನಿಸುತ್ತದೆ. ಓತಿಯ ಊಟವೇ ಆದರೂ ಹುಳ ಬದುಕಿರುವಷ್ಟು ದಿನ ಅದಕ್ಕೆ ಹೊಟ್ಟೆತುಂಬ ಮೇವು, ಒಣ ಜಾಗ, ಗಾಳಿ ಸಿಗಬೇಕು. ಈ ಮಾತು ಕ್ರಿಕೆಟ್ ಹುಳಕ್ಕೂ ಸೇರಿತು.

ಇನ್ನು ಆ ತಿರುವಿನ ವಿಷಯ. ವರ್ಷ ದಾಟಿದ ಮೇಲೆ ಓತಿಯ ಬೆಳವಣಿಗೆ ನಿಲ್ಲುತ್ತಾ ಬರುತ್ತದೆ. ಆಸೆ ಮಾತ್ರ ನಿಲ್ಲುವುದಿಲ್ಲ. ಹುಳದ ಡಬ್ಬಿ ಸದ್ದಾದರೆ ಗಾಜಿಗೆ ಮುಖ ಒತ್ತಿ ನಿಲ್ಲುತ್ತದೆ. ಸೊಪ್ಪಿನ ತಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅಯ್ಯೋ ಪಾಪ ಅಂತ ಜನ ಹುಳ ಹಾಕುತ್ತಾರೆ. ಅದರಲ್ಲೂ ಮೇಣದ ಹುಳ, ಸೂಪರ್‌ವರ್ಮ್. ಮೇಣದ ಹುಳದಲ್ಲಿ ಕಾಲು ಭಾಗ ಕೊಬ್ಬೇ. ಸೂಪರ್‌ವರ್ಮ್‌ನಲ್ಲಿ ಸುಮಾರು 18 ಶೇಕಡ. ಕ್ರಿಕೆಟ್ ಹುಳದಲ್ಲಿ 7 ಶೇಕಡದ ಹತ್ತಿರ. ಬೆಳೆಯದ ಮೈಗೆ ಮರಿಯ ಊಟ ಹಾಕಿದರೆ ಅದು ಹೋಗಿ ಕೂರುವುದು ಈಲಿಯಲ್ಲಿ. ಮನೆಗಳಲ್ಲಿ ಸಾಕಿದ ದೊಡ್ಡ ಬಿಯರ್ಡೆಡ್ ಡ್ರ್ಯಾಗನ್‌ಗಳಿಗೆ ಬೊಜ್ಜು, ಈಲಿಯಲ್ಲಿ ಕೊಬ್ಬು ತುಂಬುವ ಕಾಯಿಲೆ ಬಹಳ ಸಾಮಾನ್ಯ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದ ಮೇಲೆ ಬದುಕುವ ಪ್ರಾಣಿ ಅರ್ಧಕ್ಕೇ ಹೋಗುತ್ತದೆ. ಅದಕ್ಕೆ ನನಗೆ ಬೇಸರ ಇದೆ. ಇದು ಅಲಕ್ಷ್ಯದಿಂದ ಬರುವ ಕಾಯಿಲೆ ಅಲ್ಲ, ಮುದ್ದಿನಿಂದ ಬರುವ ಕಾಯಿಲೆ.

ಕಾಡಿನಲ್ಲಿ ಬರೀ ಹುಳವನ್ನೇ ತಿನ್ನುತ್ತದಲ್ಲ ಅಂತ ವಾದ ಮಾಡುವವರಿದ್ದಾರೆ. ಮಧ್ಯ ಆಸ್ಟ್ರೇಲಿಯಾದಲ್ಲಿ 14 ಕಾಡು ಓತಿಗಳನ್ನು ಹಿಡಿದು, ಹೊಟ್ಟೆಯಲ್ಲಿ ಏನಿದೆ ಅಂತ ನೋಡಿ ಬಿಟ್ಟ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವು ತಿಂದ ಹುಳಗಳಲ್ಲಿ ಬಹುಪಾಲು ರೆಕ್ಕೆ ಬಂದ ಗೆದ್ದಲು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನಮ್ಮೂರಲ್ಲಿ ದೀಪಕ್ಕೆ ಮುತ್ತುತ್ತವಲ್ಲ, ಅಂಥವೇ. ನೋಡಿದರೆ ಕೊಬ್ಬಿದ ಹುಳ. ಆದರೆ ಅವು ನೆಲದಿಂದ ಏಳುವುದು ವರ್ಷದಲ್ಲಿ ಎಷ್ಟು ದಿನ? ಸಿಕ್ಕಿದಾಗ ಹೊಟ್ಟೆ ಬಿರಿಯ ತಿನ್ನುತ್ತವೆ, ಆಮೇಲೆ ಬರ. ಒಣ ನಾಡಿನ ಆ ದೊಡ್ಡ ಹಸಿವನ್ನು ಓತಿ ಹೊತ್ತುಕೊಂಡೇ ಹುಟ್ಟಿದೆ. ನಮ್ಮ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಬರ ಬರುವುದೇ ಇಲ್ಲ. ಓಡುವುದಕ್ಕೂ ಅಲ್ಲಿ ಜಾಗ ಇಲ್ಲ. ಬರದ ಲೆಕ್ಕವನ್ನು ನಾವೇ ಇಡಬೇಕು.

ಕೆಂಚನಿಗೆ ಈಗ ಹುಳ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಕೆಲವೇ. ಸೊಪ್ಪು ಮಾತ್ರ ದಿನಾ ಬೆಳಿಗ್ಗೆ, ಹುಳಕ್ಕಿಂತ ಮೊದಲು, ಹಸಿದಿರುವಾಗ. ಮರಿಯಾಗಿದ್ದಾಗಿನಿಂದಲೂ ದಿನಾ ಸೊಪ್ಪಿನ ತಟ್ಟೆ ಇಟ್ಟಿದ್ದರಿಂದ ದಾರಿ ಸುಲಭವಾಯಿತು. ತಿನ್ನದಿದ್ದರೂ ಇಡುತ್ತಿದ್ದೆವು. ಸೊಪ್ಪು ತೀರಾ ಮುಟ್ಟದ ಓತಿಗೆ ಎಲೆಯ ಮಧ್ಯೆ ಒಂದೆರಡು ಹುಳ ಬಿಟ್ಟರೆ ಅದನ್ನು ಹಿಡಿಯಲು ಹೋಗಿ ಎಲೆಯೂ ಬಾಯಿಗೆ ಬರುತ್ತದೆ. ಪಾಲಕ್ ದಿನಾ ಕೊಡಬೇಡಿ, ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾಸಿವೆ ಸೊಪ್ಪು, ಬಾಕ್ ಚಾಯ್, ದಾಸವಾಳದ ಎಲೆ, ಹೂವು ಚೆನ್ನಾಗಿ ಆಗುತ್ತವೆ. ಹಣ್ಣು ಅಪರೂಪಕ್ಕೆ ಸಾಕು. ಈ ಓತಿಯ ದವಡೆ ಪಕ್ಕದ ಹಲ್ಲು ಬಿದ್ದರೆ ಮತ್ತೆ ಹುಟ್ಟುವುದಿಲ್ಲ. ಸಿಹಿ, ಮೆತ್ತಗಿನ ಊಟ ಜಾಸ್ತಿಯಾದರೆ ಒಸಡು ಕೊಳೆಯುತ್ತದೆ.

ಎಲ್ಲಕ್ಕಿಂತ ಕೆಂಚನಿಗೆ ಹಿಡಿಸಿದ್ದು ಹಿಪ್ಪುನೇರಳೆ ಸೊಪ್ಪೇ. ಅದರಲ್ಲಿ ಫಾಸ್ಫರಸ್‌ಗಿಂತ ಕ್ಯಾಲ್ಸಿಯಂ ಹಲವು ಪಟ್ಟು ಜಾಸ್ತಿ. ಬೆಳೆಯುವಾಗ ಈ ಎಲೆ ತಿಂದ ಹುಳವನ್ನು ತಿಂದ, ಬೆಳೆದ ಮೇಲೆ ಎಲೆಯನ್ನೇ ತಿನ್ನುತ್ತಿದ್ದಾನೆ. ಅವನಿಗೂ ಎಳೆ ಎಲೆಯೇ ಬೇಕು. ಬಲಿತದ್ದನ್ನು ಹೆಚ್ಚಿ ಹಾಕಿದರೆ ಒಂದು ತುತ್ತು ತಿಂದು ಸುಮ್ಮನಾಗುತ್ತಾನೆ.

ಈ ವಸಂತಕ್ಕೆ ಮೊಟ್ಟೆ ಕಡಿಮೆ ತಂದಿದ್ದೇವೆ. ಅವನಿಗೆ ಬೇಕಾದಷ್ಟು ಹುಳ ತೆಗೆದು, ಮಿಕ್ಕದ್ದನ್ನು ಹಣ್ಣಾಗಿ ಗೂಡು ಕಟ್ಟಲು ಬಿಡಬೇಕು ಅಂತ ಮಗಳ ಆಸೆ. ಹುಳ ಗೂಡು ಕಟ್ಟುವ ತಟ್ಟೆ ಚಂದ್ರಿಕೆ, ಅದಕ್ಕೆ ಇಲ್ಲಿ ಬಿದಿರು ದಬ್ಬೆ ಎಲ್ಲಿ ಸಿಗುತ್ತದೆ ಅಂತ ಅವ್ವ ಕೇಳುತ್ತಿದ್ದಾಳೆ. ಮೊಟ್ಟೆ ಇಡುವ ರಟ್ಟಿನ ತಟ್ಟೆಯಲ್ಲೇ ಕಟ್ಟಿಸೋಣ ಅಂತ ಮಗಳು. ಇಬ್ಬರ ಚರ್ಚೆ ಇನ್ನೂ ಮುಗಿದಿಲ್ಲ.